ರೇವು ಮತ್ತು ಒಳನಾಡು: ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ತೆರಿಗೆ ತಪ್ಪಿಸುವಿಕೆಯ ಚರಿತ್ರೆ

ಕನ್ನಡ ಪತ್ರಿಕೆಗಳು ‘ತೆರಿಗೆ ಸ್ವರ್ಗ’ ಎಂದು ಬರೆಯುತ್ತವೆ. ಇಂಗ್ಲಿಷಿನ ‘ಹೇವನ್’ ಅನ್ನು ‘ಹೆವನ್’ ಎಂದು ಓದಿಕೊಂಡದ್ದರ ಫಲವಿರಬೇಕು. ಮೂಲ ಪದಕ್ಕೆ ಹಡಗು ತಂಗುವ ರೇವು ಎಂದರ್ಥ. ಸ್ವರ್ಗಕ್ಕೆ ನೆಲ ಬೇಡ, ರೇವಿಗೆ ಒಳನಾಡು ಬೇಕೇಬೇಕು. ದ್ವೀಪಗಳು ಬಾಡಿಗೆಗೆ ಕೊಡುವುದು ವಿಳಾಸವನ್ನಷ್ಟೆ, ತೆರಿಗೆ ತಪ್ಪಿಸುವ ದಾರಿ ತೆರೆಯುವುದು ಒಳನಾಡಿನ ಕಾನೂನೇ ಎಂಬುದು ಈ ಲೇಖನದ ವಾದ.

ಆಸ್ಟ್ರೇಲಿಯಾದ ಮೊದಲ ಪಾಠ ಕಡಲಾಚೆಯದ್ದೇ ಅಲ್ಲ. ಬ್ರಿಸ್ಬೇನ್‌ನಿಂದ ಆಳುತ್ತಿದ್ದ ಜೋ ಬ್ಯೆಲ್ಕಿ-ಪೀಟರ್ಸನ್ ಸರ್ಕಾರ 1977ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಉತ್ತರಾಧಿಕಾರ ತೆರಿಗೆಯನ್ನು ತೆಗೆದುಹಾಕಿತು. ದಕ್ಷಿಣದ ಸಿರಿವಂತ ವೃದ್ಧರೆಲ್ಲ ಅಲ್ಲಿನ ಗೋಲ್ಡ್ ಕೋಸ್ಟ್‌ಗೆ ಗುಳೆ ಹೋದರೆ ಗತಿಯೇನೆಂದು ನೆರೆಯ ರಾಜ್ಯಗಳು ಬೆದರಿದವು. 1980ರ ಹೊತ್ತಿಗೆ ಅಡಿಲೇಡ್, ಪರ್ತ್‌ಗಳ ಸರ್ಕಾರಗಳೂ ಅದನ್ನು ಕೈಬಿಟ್ಟವು. ಕೆಲವೇ ವರ್ಷಗಳಲ್ಲಿ ದೇಶದಲ್ಲೆಲ್ಲೂ ಅದು ಉಳಿಯಲಿಲ್ಲ.

1970ರ ದಶಕದ ‘ಬಂದರಿನ ತಳ’ದ ವ್ಯವಹಾರ ಹೆಸರಿನಲ್ಲೇ ಕುಖ್ಯಾತ. ತೆರಿಗೆ ಕಟ್ಟಬೇಕಾದ ಕಂಪನಿಯನ್ನು ದಲ್ಲಾಳಿ ಕೊಂಡು, ಹಣವನ್ನೆಲ್ಲ ಬಸಿದು, ಬರಿಯ ಚಿಪ್ಪನ್ನು ಕೈಯಲ್ಲಿ ಕಾಸಿಲ್ಲದ ಯಾರದೋ ಹೆಸರಿಗೆ ದಾಟಿಸುತ್ತಿದ್ದ. ಲೆಕ್ಕಪುಸ್ತಕಗಳು ಸಿಡ್ನಿ ಬಂದರಿನ ತಳ ಸೇರಿದವೆಂಬುದು ಆಡುಮಾತು. ಹೀಗೆ ಮುಳುಗಿದ ಕಂಪನಿಗಳು ಆರು ಸಾವಿರಕ್ಕೂ ಹೆಚ್ಚು. 1980ರಲ್ಲಿ ಇದು ಅಪರಾಧವಾಯಿತು. ಬಾಕಿ ವಸೂಲಿಗಾಗಿ 1982ರಲ್ಲಿ ಖಜಾನೆ ಸಚಿವ ಜಾನ್ ಹೋವರ್ಡ್ ಪೂರ್ವಾನ್ವಯವಾಗುವ ಕಾನೂನು ತಂದಾಗ, ಅವರದೇ ಪಕ್ಷದ ಪಶ್ಚಿಮ ಆಸ್ಟ್ರೇಲಿಯಾ ಘಟಕ ತಿರುಗಿಬಿತ್ತು.

ಪರ್ತ್‌ನ ಬೆಲ್ ಗ್ರೂಪ್ ಪ್ರಕರಣ ಇನ್ನೂ ವಿಚಿತ್ರ. ರಾಬರ್ಟ್ ಹೋಮ್ಸ್ ಆ ಕೋರ್ಟ್ ಕಟ್ಟಿದ ಈ ಸಮೂಹ ಯುರೋಪಿನ ಹೂಡಿಕೆದಾರರಿಗೆ ಬಾಂಡ್ ಮಾರಿದ್ದು ಕುರಸಾವ್ ದ್ವೀಪದಲ್ಲಿ ನೋಂದಾಯಿಸಿದ ಬೆಲ್ ಗ್ರೂಪ್ ಎನ್‌ವಿ ಮೂಲಕ. ಬಡ್ಡಿಯ ಮೇಲೆ ನಮ್ಮ ಟಿಡಿಎಸ್‌ನಂಥ ಕಡಿತವಿಲ್ಲದ ಆ ವಿಳಾಸ ಆಗಿನ ಬಾಂಡ್ ವ್ಯಾಪಾರಕ್ಕೆ ಅಚ್ಚುಮೆಚ್ಚು. 1988ರಲ್ಲಿ ಸಮೂಹ ಉದ್ಯಮಿ ಅಲನ್ ಬಾಂಡ್ ಕೈಸೇರಿ, 1991ರಲ್ಲಿ ದಿವಾಳಿಯಾಯಿತು. ಸಮೂಹದ ಪರವಾಗಿ ಬ್ಯಾಂಕುಗಳ ವಿರುದ್ಧ ಹೂಡಿದ ಮೊಕದ್ದಮೆಯ ವಿಚಾರಣೆಯೇ 404 ದಿನ ನಡೆಯಿತು. 2008ರ ತೀರ್ಪು 2,600 ಪುಟ ಮೀರಿತು. ಬ್ಯಾಂಕುಗಳಿಂದ ಕೊನೆಗೆ ಬಂದ ಹಣವನ್ನು ತಾನೇ ಹಂಚುವೆನೆಂದು ರಾಜ್ಯ ಸರ್ಕಾರ 2015ರಲ್ಲಿ ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿದವರಲ್ಲಿ ಇದೇ ಎನ್‌ವಿ ಮೊದಲನೆಯದು. ಆಧಾರ? ಕಾಯ್ದೆ ಒಕ್ಕೂಟದ ತೆರಿಗೆ ಕಾನೂನಿಗೆ ವಿರುದ್ಧ ಎಂಬುದು! 2016ರ ಮೇ 16ರಂದು ಹೈಕೋರ್ಟ್ (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ಕಾಯ್ದೆಯನ್ನು ಇಡಿಯಾಗಿ ಅಸಿಂಧುಗೊಳಿಸಿತು. ತೆರಿಗೆ ಉಳಿಸಲೆಂದು ಹುಟ್ಟಿದ ದ್ವೀಪದ ಕಂಪನಿ ತೆರಿಗೆ ಕಾನೂನಿನ ಕಾವಲಿಗೆ ನಿಂತಿತ್ತು.

ಅಡಿಲೇಡ್‌ನ ಪಾಲು ಚಿಕ್ಕದು. ಆ ಊರಿನ ಒಂದು ಸಂಜೆ ಪತ್ರಿಕೆಯಿಂದ ಬೆಳೆದ ರೂಪರ್ಟ್ ಮರ್ಡೋಕ್‌ರ ನ್ಯೂಸ್ ಕಾರ್ಪೊರೇಷನ್ 2004ರಲ್ಲಿ ನೋಂದಣಿಯನ್ನು ಅಮೆರಿಕದ ಡೆಲವೇರ್‌ಗೆ ಒಯ್ದಿತು. ಕೊಟ್ಟ ಕಾರಣ ಅಲ್ಲಿನ ಬಂಡವಾಳ ಮಾರುಕಟ್ಟೆ, ತೆರಿಗೆಯಲ್ಲ. ಇದನ್ನು ತೆರಿಗೆ ತಪ್ಪಿಸುವಿಕೆಯ ಪಟ್ಟಿಗೆ ಸೇರಿಸುವ ಉತ್ಸಾಹ ನನಗಿಲ್ಲ. ಒಂದು ದೊಡ್ಡ ಕಂಪನಿಗೆ ಹುಟ್ಟೂರು ಎಷ್ಟು ಹಗುರ ಎಂಬುದಕ್ಕಷ್ಟೆ ಅದು ಸಾಕ್ಷಿ.

ಡೆಲವೇರ್ ಮತ್ತೆ ಕಾಣುವುದು ಅಮೆರಿಕದ ತೈಲ ಕಂಪನಿ ಶೆವ್ರಾನ್‌ನ ಪ್ರಕರಣದಲ್ಲಿ. 2003ರಲ್ಲಿ ಶೆವ್ರಾನ್‌ನ ಆಸ್ಟ್ರೇಲಿಯಾ ಕಂಪನಿ 250 ಕೋಟಿ ಅಮೆರಿಕನ್ ಡಾಲರ್‌ಗೆ ಸಮನಾದ ಸಾಲ ಪಡೆಯಿತು. ಕೊಟ್ಟದ್ದು ಡೆಲವೇರ್‌ನಲ್ಲಿದ್ದ ಅದರದೇ ಅಧೀನ ಕಂಪನಿ. ಮಗಳು ಪೇಟೆಯಲ್ಲಿ ಸುಮಾರು ಶೇ 1.2ರ ಬಡ್ಡಿಗೆ ಹಣ ಎತ್ತಿ, ತಾಯಿಗೆ ಶೇ 9ರ ಆಸುಪಾಸಿನಲ್ಲಿ ಕೊಟ್ಟಳು. ತಾಯಿ ಕಟ್ಟಿದ ಬಡ್ಡಿ ಆಸ್ಟ್ರೇಲಿಯಾದಲ್ಲಿ ಖರ್ಚೆಂದು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಿತು. ಮಗಳ ಲಾಭ ತೆರಿಗೆಯಿಲ್ಲದ ಲಾಭಾಂಶವಾಗಿ ತವರಿಗೇ ಮರಳಿತು. ಎರಡೂ ಸಾಲಗಳ ಕರೆನ್ಸಿ ಬೇರೆ ಎಂಬುದು ನಿಜ, ಆದರೂ ಅಂತರ ಅಷ್ಟರಿಂದಲೇ ತುಂಬುವಂಥದ್ದಲ್ಲ. ಭದ್ರತೆಯಿಲ್ಲದ ಒಂಟಿ ಸಾಲಗಾರನಿಗೆ ಆ ದರ ಸರಿಯೆಂದು ಕಂಪನಿ ವಾದಿಸಿತು. 2017ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಆಲ್ಸಪ್ ಅವರಿದ್ದ ಫೆಡರಲ್ ಕೋರ್ಟಿನ ಪೂರ್ಣಪೀಠ ಇದನ್ನು ಒಪ್ಪಲಿಲ್ಲ: ಶೆವ್ರಾನ್‌ನಂಥ ಮನೆತನದ ಕಂಪನಿ ಹೊರಗಿನವರ ಬಳಿ ಹೋಗಿದ್ದರೆ ಅಮೆರಿಕದ ಮೂಲ ಕಂಪನಿಯ ಜಾಮೀನು ತಂದು ಅಗ್ಗಕ್ಕೇ ಸಾಲ ಪಡೆಯುತ್ತಿತ್ತು. ಕಾಗದದಲ್ಲಿ ಬರೆದಿದ್ದನ್ನೇ ಸತ್ಯವೆಂದುಕೊಳ್ಳುತ್ತಿದ್ದ 1970ರ ದಶಕದ ತೀರ್ಪುಗಳಿಂದ ಇದು ಬಹುದೂರ.

ಇನ್ನು ಕಬ್ಬಿಣದ ಅದಿರು. ಬೇಲೇಕೇರಿ ಬಂದರಿನಲ್ಲಿ ಜಪ್ತಿಯಾದ ಅದಿರೇ ಮಾಯವಾದ ಕತೆ ನಮಗೆ ಗೊತ್ತು. ಪಶ್ಚಿಮ ಆಸ್ಟ್ರೇಲಿಯಾದ ಪೋರ್ಟ್ ಹೆಡ್‌ಲ್ಯಾಂಡ್‌ನಲ್ಲಿ ಅದಿರು ಮಾಯವಾಗುವುದಿಲ್ಲ. ಹಡಗು ನೇರ ಗಿರಾಕಿಯ ಬಂದರಿಗೆ ಹೋಗುತ್ತದೆ, ಮಾರಾಟದ ಕಾಗದ ಮಾತ್ರ ಸಿಂಗಾಪುರ ಸುತ್ತಿ ಬರುತ್ತದೆ. ಲಾಭದ ಒಂದು ಪಾಲು ಕಡಿಮೆ ತೆರಿಗೆಯ ಆ ಕಚೇರಿಯಲ್ಲಿ ಇಳಿಯುತ್ತದೆ. ತೆರಿಗೆ ಇಲಾಖೆಯೊಂದಿಗಿನ ಇಂಥ ವಿವಾದಗಳಲ್ಲಿ ಗಣಿ ಕಂಪನಿ ರಿಯೊ ಟಿಂಟೊ 2022ರಲ್ಲಿ ಸುಮಾರು 100 ಕೋಟಿ ಆಸ್ಟ್ರೇಲಿಯಾ ಡಾಲರ್‌ಗೆ ರಾಜಿಯಾಯಿತು. ಅದಕ್ಕೂ ಮುಂಚೆ, 2018ರಲ್ಲಿ, ಬಿಎಚ್‌ಪಿ ಸುಮಾರು 52.9 ಕೋಟಿ ಡಾಲರ್ ಕಟ್ಟಲು ಒಪ್ಪಿ, ಸಿಂಗಾಪುರದ ಮಾರಾಟ ಕಂಪನಿಯ ಪೂರ್ಣ ಒಡೆತನವನ್ನು ಆಸ್ಟ್ರೇಲಿಯಾದ ಕಂಪನಿಗೆ ವಹಿಸಿತು. ಕಚೇರಿ ಮಾತ್ರ ಸಿಂಗಾಪುರದಲ್ಲೇ ಉಳಿಯಿತು.