ವಿಜ್ಞಾನಕಥೆಗಳೂ ವಾಚಕರ ಪರಂಪರೆಯೂ

ಕಾವ್ಯನಾಟಕಗಳಿಗೆ ಭರತಖಂಡದಲ್ಲಿ ರಾಜಾಶ್ರಯವಿತ್ತು. ಶಾಸ್ತ್ರಗಳಿಗೆ ಮಠಗಳ ಆಶ್ರಯವಿತ್ತು. ಅವುಗಳ ಗುಣದೋಷಗಳನ್ನು ತೂಗಿ ಹೇಳಲು ಲಾಕ್ಷಣಿಕರ ಪರಂಪರೆಯೂ ಇತ್ತು. ಪಶ್ಚಿಮ ದೇಶಗಳಲ್ಲಿ ಹುಟ್ಟಿ ಈಗ ಲೋಕವ್ಯಾಪಕವಾಗಿರುವ ವಿಜ್ಞಾನಕಥೆಗೆ ಇಂತಹ ಯಾವ ಆಶ್ರಯವೂ ಮೊದಲಲ್ಲಿ ದೊರೆಯಲಿಲ್ಲ. ವಿದ್ವಾಂಸರು ಅದನ್ನು ಬಹುಕಾಲ ಬಾಲಕರ ವಿನೋದವೆಂದು ಕಡೆಗಣಿಸಿದರು. ಅದನ್ನು ಸಾಕಿ ಬೆಳೆಯಿಸಿದವರು ಸಾಮಾನ್ಯ ವಾಚಕರು. ಅವರು ತಾವು ಓದಿ ಮೆಚ್ಚಿದುದನ್ನು ಪರಸ್ಪರ ಪತ್ರಮುಖೇನ ತಿಳಿಸಿದರು. ಸಭೆ ಸೇರಿ ಚರ್ಚಿಸಿದರು. ಕೊನೆಗೆ ಮತವಿತ್ತು ಬಹುಮಾನವನ್ನೂ ಸ್ಥಾಪಿಸಿದರು. ಆ ವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸಿ, ಇತ್ತೀಚಿನ ಗ್ರಂಥಗಳಲ್ಲಿ ಸುಶಿಕ್ಷಿತ ಕುಟುಂಬಗಳು ಓದತಕ್ಕವು ಯಾವುವೆಂಬುದನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶವು.

ಮೊದಲು ವಿಜ್ಞಾನಕಥೆಯೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಅದ್ಭುತವಿದ್ದ ಮಾತ್ರಕ್ಕೆ ಕಥೆಯು ವಿಜ್ಞಾನಕಥೆಯಾಗದು. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ನರವಾಹನದತ್ತನು ಒಂದು ವಿಚಿತ್ರ ನಗರವನ್ನು ಹೊಗುತ್ತಾನೆ. ಅಲ್ಲಿ ಬೀದಿಯಲ್ಲಿ ಓಡಾಡುವ ಜನರೆಲ್ಲ ಮರದ ಯಂತ್ರಗಳು. ಅವುಗಳನ್ನು ನಿರ್ಮಿಸಿದವನು ಕಾಂಚಿಯಿಂದ ಬಂದ ರಾಜ್ಯಧರನೆಂಬ ಬಡಗಿ. ಇದು ಮನೋಹರವಾದ ಕಲ್ಪನೆಯೇ ಸರಿ. ಆದರೆ ಆ ಯಂತ್ರಗಳಿಂದ ಮನುಷ್ಯರ ಜೀವನವು ಹೇಗೆ ಮಾರ್ಪಡುವುದೆಂಬ ವಿಚಾರಕ್ಕೆ ಸೋಮದೇವನು ಕೈಹಾಕುವುದಿಲ್ಲ. ವಿಜ್ಞಾನಕಥೆಗಾರನಾದರೋ ನೈಯಾಯಿಕನಂತೆ ಒಂದು ಪ್ರತಿಜ್ಞೆಯನ್ನು ಮುಂದಿಡುತ್ತಾನೆ. ಅದನ್ನು ಒಪ್ಪಿದ ವಾಚಕನನ್ನು ಕಾರ್ಯಕಾರಣಗಳ ಸರಪಳಿಯನ್ನು ಹಿಡಿಸಿ ಕೊನೆಯವರೆಗೆ ಕರೆದೊಯ್ಯುತ್ತಾನೆ. ನಡುವೆ ಕೊಂಡಿ ಕಳಚಿದರೆ ಕಥೆಯು ಕೆಟ್ಟಿತು.

ಈ ಬಗೆಯ ಗ್ರಂಥಗಳಲ್ಲಿ ಮೊದಲನೆಯದೆಂದು ಅನೇಕ ವಿಮರ್ಶಕರು ಎಣಿಸುವುದು ಮೇರಿ ಷೆಲ್ಲಿ ಎಂಬಾಕೆಯ ಫ್ರಾಂಕೆನ್‌ಸ್ಟೈನ್. 1815ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಪೂರ್ವದ್ವೀಪಗಳಲ್ಲಿನ ತಂಬೋರಾ ಜ್ವಾಲಾಮುಖಿಯು ಸಿಡಿದು, ಅದರ ಧೂಳಿಯು ಆಕಾಶವನ್ನು ಮುಸುಕಿದುದರಿಂದ ಮರುವರ್ಷ ಯೂರೋಪಿನಲ್ಲಿ ಬೇಸಗೆಯೇ ಬಾರದೆ ಮಳೆಚಳಿಗಳು ಹಿಡಿದುವು. ಜಿನೀವಾ ಸರೋವರದ ತೀರದಲ್ಲಿ ಮನೆಯೊಳಗೇ ಇರಬೇಕಾಗಿ ಬಂದ ಕವಿಗಳ ಗೋಷ್ಠಿಯಲ್ಲಿ, ಒಬ್ಬೊಬ್ಬರೂ ಒಂದು ಭಯಾನಕ ಕಥೆಯನ್ನು ಬರೆಯತಕ್ಕದ್ದೆಂದು ಬೈರನ್ ಕವಿಯು ಸೂಚಿಸಿದನು. ಆಗ ಮೇರಿಗೆ ಹದಿನೆಂಟು ವರ್ಷ. 1818ರಲ್ಲಿ ಗ್ರಂಥಕರ್ತ್ರಿಯ ಹೆಸರಿಲ್ಲದೆ 500 ಪ್ರತಿಗಳು ಮಾತ್ರ ಅಚ್ಚಾದುವು. ಜೀವವನ್ನು ಸೃಷ್ಟಿಸಿದವನು ಅದನ್ನು ಸಾಕುವ ಹೊಣೆಯಿಂದ ತಪ್ಪಿಸಿಕೊಂಡರೆ ಏನಾಗುವುದೆಂಬ ಆ ಕಥೆಯ ಪ್ರಶ್ನೆಯು ಇನ್ನೂರು ವರ್ಷಗಳಾದರೂ ಹಳತಾಗಿಲ್ಲ.

ಅನಂತರ ಫ್ರಾನ್ಸಿನಲ್ಲಿ ಝೂಲ್ ವೆರ್ನ್, ಇಂಗ್ಲೆಂಡಿನಲ್ಲಿ ಎಚ್. ಜಿ. ವೆಲ್ಸ್ ಎಂಬಿಬ್ಬರು ಈ ಮಾರ್ಗವನ್ನು ರಾಜಮಾರ್ಗವನ್ನಾಗಿ ಮಾಡಿದರು. ವೆರ್ನನ ಜಲಾಂತರ್ನೌಕೆಯ ನಾಯಕನಾದ ನೆಮೊ ಯಾರೆಂಬ ರಹಸ್ಯವು 1875ರಲ್ಲಿ ಮುಗಿದ ರಹಸ್ಯದ್ವೀಪವೆಂಬ ಕಾದಂಬರಿಯಲ್ಲಿ ಬಯಲಾಗುತ್ತದೆ. ಅವನು ಬುಂದೇಲಖಂಡದ ರಾಜಕುಮಾರನಾದ ಡಕ್ಕಾರ್. ಮೈಸೂರಿನ ಟಿಪ್ಪು ಸುಲ್ತಾನನು ಅವನಿಗೆ ಬಂಧುವೆಂದು ವೆರ್ನನು ಕಲ್ಪಿಸಿದ್ದಾನೆ. ವೆಲ್ಸನು 1895ರಲ್ಲಿ ಕಾಲಯಂತ್ರವನ್ನೂ 1898ರಲ್ಲಿ ಲೋಕಲೋಕಗಳ ಯುದ್ಧವನ್ನೂ ಬರೆದನು. ವೆರ್ನನಿಗೆ ಯಂತ್ರದಲ್ಲಿ ಪ್ರೀತಿ. ವೆಲ್ಸನಿಗೆ ಯಂತ್ರದಿಂದ ಸಮಾಜಕ್ಕೆ ಒದಗುವ ಪರಿಣಾಮದಲ್ಲಿ ಚಿಂತೆ. ಈ ಎರಡು ಕವಲುಗಳೂ ಇಂದಿನವರೆಗೆ ನಡೆದುಬಂದಿವೆ.

ಭಾರತೀಯರು ಈ ವಿಷಯದಲ್ಲಿ ಹಿಂದುಳಿದರೆಂದು ಭಾವಿಸಬಾರದು. ವಿಜ್ಞಾನಿಗಳಾದ ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆಯನ್ನು ಬರೆದು, ಕುಂತಲೀನವೆಂಬ ಕೇಶತೈಲದ ವರ್ತಕರು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಬಹುಮಾನ ಪಡೆದರು. ಕಲ್ಕತ್ತೆಯ ಮೇಲೆ ಎರಗಬೇಕಾಗಿದ್ದ ಚಂಡಮಾರುತವು ಒಂದು ಸೀಸೆ ತಲೆಯೆಣ್ಣೆಯಿಂದ ಶಾಂತವಾಯಿತೆಂಬುದು ಅದರ ವಿನೋದ; ತೈಲವು ಅಲೆಗಳನ್ನು ತಗ್ಗಿಸುವುದೆಂಬ ಭೌತತತ್ತ್ವವು ಅದರ ಬೀಜ. 1905ರಲ್ಲಿ ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಬೇಗಂ ರೊಕೇಯಾ ಅವರ ಸುಲ್ತಾನಾಳ ಸ್ವಪ್ನವು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆ ಕಥೆಯ ಸ್ತ್ರೀರಾಜ್ಯದಲ್ಲಿ ಪುರುಷರು ಅಂತಃಪುರದಲ್ಲಿರುತ್ತಾರೆ. ಸ್ತ್ರೀಯರು ಸೂರ್ಯನ ಶಾಖವನ್ನು ಸಂಗ್ರಹಿಸಿ ಅಡಿಗೆ ಮಾಡುತ್ತಾರೆ, ಮೇಘಗಳಿಂದ ನೀರನ್ನು ಸೆಳೆದುಕೊಳ್ಳುತ್ತಾರೆ, ಸೂರ್ಯಕಿರಣಗಳಿಂದಲೇ ಶತ್ರುಗಳನ್ನು ಹಿಮ್ಮೆಟ್ಟಿಸುತ್ತಾರೆ. ಬರೆದ ಮಹಿಳೆಯು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. 1911ರಲ್ಲಿ ಅವರೇ ಕಲ್ಕತ್ತೆಯಲ್ಲಿ ಬಾಲಿಕೆಯರಿಗೆ ಶಾಲೆಯನ್ನು ತೆರೆದರು. ಕಥೆಯಲ್ಲಿ ಕಂಡ ಕನಸಿಗೆ ಊರಿನಲ್ಲಿ ಅಸ್ತಿವಾರವನ್ನು ಹಾಕಿದ ಇಂತಹ ಉದಾಹರಣೆಗಳು ವಿರಳ.

ಇನ್ನು ವಾಚಕರ ವಿಚಾರಕ್ಕೆ ಬರೋಣ. ಲಕ್ಸೆಂಬರ್ಗಿನಿಂದ ಅಮೆರಿಕೆಗೆ ವಲಸೆಹೋದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬುವನು 1926ನೆಯ ಇಸವಿ ಏಪ್ರಿಲಿನಲ್ಲಿ ಅಮೇಜಿಂಗ್ ಸ್ಟೋರೀಸ್ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದನು. ವಿಜ್ಞಾನಕಥೆಗಳಿಗೇ ಮೀಸಲಾದ ಇಂಗ್ಲಿಷ್ ಪತ್ರಿಕೆಗಳಲ್ಲಿ ಇದು ಮೊದಲನೆಯದು. ಕಾಗದವು ಒರಟು, ಮುಖಚಿತ್ರವು ಅಬ್ಬರದ್ದು. ಆದರೆ ಓದುಗರ ಪತ್ರಗಳನ್ನು ಅಚ್ಚುಮಾಡುವಾಗ ಅವನು ಬರೆದವರ ವಿಳಾಸವನ್ನೂ ಕೊಡುತ್ತಿದ್ದನು. ಈ ಸಣ್ಣ ಏರ್ಪಾಡಿನಿಂದ ದೊಡ್ಡ ಫಲವುಂಟಾಯಿತು. ದೂರದೂರದ ಊರುಗಳಲ್ಲಿ ಒಂಟಿಯಾಗಿ ಓದುತ್ತಿದ್ದ ತರುಣರು ಪತ್ರಿಕೆಯನ್ನು ಬಿಟ್ಟು ನೇರವಾಗಿ ತಮ್ಮತಮ್ಮಲ್ಲೇ ಪತ್ರವ್ಯವಹಾರ ಮಾಡತೊಡಗಿದರು, ಸಂಘಗಳನ್ನು ಕಟ್ಟಿದರು, 1930ರಿಂದ ತಾವೇ ಕೈಯಚ್ಚಿನ ಕಿರುಪತ್ರಿಕೆಗಳನ್ನೂ ಹೊರಡಿಸಿದರು.

ಐಸಾಕ್ ಅಸಿಮೋವ್ ಈ ಓದುಗರಲ್ಲಿ ಒಬ್ಬನು. ಅವನ ತಂದೆ ಬ್ರೂಕ್ಲಿನ್ನಿನಲ್ಲಿ ಮಿಠಾಯಿ ಅಂಗಡಿಯನ್ನಿಟ್ಟಿದ್ದನು. ಅಂಗಡಿಯಲ್ಲಿ ಮಾರುವ ಅಗ್ಗದ ಕಥಾಪತ್ರಿಕೆಗಳನ್ನು ಮಗನು ಮುಟ್ಟಕೂಡದೆಂದು ಅವನ ಕಟ್ಟಪ್ಪಣೆ. 1929ರಲ್ಲಿ ಗರ್ನ್ಸ್‌ಬ್ಯಾಕನ ಹೊಸ ಪತ್ರಿಕೆಯೊಂದು ಬಂದಾಗ, ಅದರ ಹೆಸರಿನಲ್ಲಿ ವಿಜ್ಞಾನವೆಂಬ ಶಬ್ದವಿರುವುದನ್ನು ತೋರಿಸಿ ಬಾಲಕನು ಅಪ್ಪಣೆಯನ್ನು ಗಿಟ್ಟಿಸಿಕೊಂಡನು. ಮೊದಲು ಪತ್ರಿಕೆಗಳಿಗೆ ಅಭಿಪ್ರಾಯಪತ್ರಗಳನ್ನು ಬರೆದನು. 1939ರಲ್ಲಿ ಅವನ ಕಥೆಯೇ ಪ್ರಕಟವಾಯಿತು. ಮುಂದೆ ಅವನು ರಸಾಯನಶಾಸ್ತ್ರದ ಅಧ್ಯಾಪಕನೂ ಲೋಕಪ್ರಸಿದ್ಧ ಗ್ರಂಥಕರ್ತನೂ ಆದನು. ಮಕ್ಕಳ ಕೈಯಲ್ಲಿನ ಪುಸ್ತಕವನ್ನು ಹೊರರಟ್ಟು ನೋಡಿಯೇ ಕಿತ್ತುಕೊಳ್ಳುವ ಹಿರಿಯರು ಈ ಸಂಗತಿಯನ್ನು ಮನನ ಮಾಡಬೇಕು.

1939ನೆಯ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಈ ಓದುಗರ ಪ್ರಥಮ ವಿಶ್ವಸಮ್ಮೇಳನವು ಸೇರಿತು. 1953ರಲ್ಲಿ ಫಿಲಡೆಲ್ಫಿಯಾ ಸಮ್ಮೇಳನದವರು ಗರ್ನ್ಸ್‌ಬ್ಯಾಕನ ಗೌರವಾರ್ಥವಾಗಿ ಹ್ಯೂಗೋ ಎಂಬ ಬಹುಮಾನವನ್ನು ಸ್ಥಾಪಿಸಿದರು. ಇದರಲ್ಲಿ ಪಂಡಿತರ ಮಂಡಲಿಯಿಲ್ಲ. ಚಂದಾ ಕೊಟ್ಟು ಸದಸ್ಯನಾದ ಪ್ರತಿಯೊಬ್ಬ ವಾಚಕನಿಗೂ ಒಂದು ಮತವುಂಟು. ಹೀಗೆ ಓದುಗರ ಶಿಫಾರಸೇ ಸಂಸ್ಥೆಯ ರೂಪವನ್ನು ತಾಳಿತು.

ಆದರೆ ವಿಶ್ವಾಸದ ಮೇಲೆ ನಿಂತ ಮನೆಗೆ ಕನ್ನಗಳ್ಳರ ಭಯವೂ ಇರತಕ್ಕದ್ದೇ. 2015ರಲ್ಲಿ ಕೆಲವು ಗುಂಪಿನವರು ಮೊದಲೇ ಪಟ್ಟಿಯನ್ನು ಮಾಡಿಕೊಂಡು ಒಟ್ಟಾಗಿ ನಾಮನಿರ್ದೇಶನ ಮಾಡಿ, ಹಲವು ವಿಭಾಗಗಳನ್ನು ತಮ್ಮವರಿಂದಲೇ ತುಂಬಿಸಿದರು. ಸದಸ್ಯರು ಇದಕ್ಕೆ ಮತದಿಂದಲೇ ಉತ್ತರವಿತ್ತರು. ಐದು ವಿಭಾಗಗಳಲ್ಲಿ ಯಾರಿಗೂ ಬಹುಮಾನವಿಲ್ಲವೆಂದು ತೀರ್ಪಾಯಿತು. ಆ ವರ್ಷವೇ ಮಾರ್ಕೋ ಕ್ಲೂಸ್ ಎಂಬ ಲೇಖಕರು, ಗುಂಪಿನ ಪಟ್ಟಿಯಿಂದ ತಮಗೆ ಸ್ಥಾನ ಬಂದಿತೆಂದು ತಿಳಿದು, ತಮ್ಮ ಕಾದಂಬರಿಯನ್ನು ತಾವಾಗಿಯೇ ಹಿಂತೆಗೆದುಕೊಂಡರು. ತೆರವಾದ ಆ ಸ್ಥಾನಕ್ಕೆ ಬಂದ ಗ್ರಂಥವು ಚೀನದ ಲಿಯು ಸಿಷಿನ್ನರ ತ್ರಿಕಾಯ ಸಮಸ್ಯೆ. ಬಹುಮಾನವನ್ನು ಪಡೆದುದೂ ಅದೇ. ಅನುವಾದಗೊಂಡ ಕಾದಂಬರಿಗೆ ಈ ಗೌರವವು ದೊರೆತುದು ಅದೇ ಮೊದಲು. ಒಬ್ಬ ಸಜ್ಜನನು ತನಗೆ ಸಲ್ಲದ ಪೀಠದಿಂದ ಎದ್ದುದರಿಂದ ಲೋಕಕ್ಕೆ ಒಂದು ಉದ್ಗ್ರಂಥದ ಪರಿಚಯವಾಯಿತು. 2023ರಲ್ಲಿ ಚೀನದ ಚೆಂಗ್ಡು ನಗರದ ಸಮ್ಮೇಳನದಲ್ಲಿಯೂ ಕೆಲವು ಗ್ರಂಥಗಳನ್ನು ಸರಿಯಾದ ಕಾರಣವನ್ನು ಹೇಳದೆ ಸ್ಪರ್ಧೆಯಿಂದ ಹೊರಗಿಟ್ಟ ಸಂಗತಿಯು ತರುವಾಯ ಹೊರಬಿದ್ದು ದೊಡ್ಡ ಆಕ್ಷೇಪಕ್ಕೆ ಗುರಿಯಾಯಿತು. ತಾನು ಓದದೆಯೇ ಹೊಗಳುವುದೂ, ಪರರ ಮಾತಿಗಂಜಿ ತೆಗಳುವುದೂ ವಾಚಕಧರ್ಮಕ್ಕೆ ಸಮಾನವಾದ ದ್ರೋಹಗಳು.

ಮಹಾರಾಷ್ಟ್ರದಲ್ಲಿ ಖಗೋಳವಿಜ್ಞಾನಿಗಳಾದ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಕೃಷ್ಣವಿವರವೆಂಬ ಕಥೆಯನ್ನು ಕಳುಹಿಸಿದಾಗ, ತಮ್ಮ ಕೀರ್ತಿಯು ತೀರ್ಪಿಗೆ ಅಡ್ಡ ಬಾರದಿರಲೆಂದು ಸುಳ್ಳುಹೆಸರನ್ನಿಟ್ಟುಕೊಂಡರು. ಪ್ರಥಮ ಬಹುಮಾನವು ಕಥೆಗೇ ಬಂದಿತು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರೂ, ಮಹಾಭಾರತದ ವಸ್ತುವನ್ನು ವಿಜ್ಞಾನಕ್ಕೆ ಜೋಡಿಸಿದ ಮಹಾಸಂಪರ್ಕದ ಕರ್ತೃಗಳಾದ ಮನು ಅವರೂ ಈ ಕ್ಷೇತ್ರದಲ್ಲಿ ದುಡಿದಿದ್ದಾರೆ. ಆದರೆ ಕಲ್ಪನೆಯನ್ನು ಕಲ್ಪನೆಯೆಂದೇ ಓದುವ ವಿವೇಕವು ಕನ್ನಡನಾಡಿನಲ್ಲಿಯೂ ಬೇಕಾಗಿದೆ. ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕಶಾಸ್ತ್ರವನ್ನು ಪ್ರಾಚೀನ ಋಷಿಗಳ ವಿಮಾನವಿದ್ಯೆಯೆಂದು ಹಲವರು ನಂಬಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಅದನ್ನು ಪರಿಶೀಲಿಸಿ, ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ತೋರಿಸಿಕೊಟ್ಟರು. ಸೋಮದೇವನ ಬಡಗಿಯನ್ನು ಕವಿಕಲ್ಪನೆಯೆಂದು ಸವಿಯುವುದರಿಂದ ಪೂರ್ವಿಕರಿಗೆ ಯಾವ ಕುಂದೂ ಇಲ್ಲ. ಅವನನ್ನು ಇಂಜಿನಿಯರೆಂದು ಸಾಧಿಸಹೊರಟರೆ ಕಾವ್ಯವೂ ಕೆಡುವುದು, ವಿಜ್ಞಾನವೂ ಕೆಡುವುದು.

ಈಗ ಇತ್ತೀಚಿನ ಗ್ರಂಥಗಳ ಮಾತು. ಮೇಲೆ ಹೇಳಿದ ತ್ರಿಕಾಯ ಸಮಸ್ಯೆಯು ಮೊದಲು ಓದತಕ್ಕದ್ದು. 2008ರಲ್ಲಿ ಚೀನೀ ಭಾಷೆಯಲ್ಲಿ ಪುಸ್ತಕರೂಪವನ್ನು ತಾಳಿದ ಇದನ್ನು ಕೆನ್ ಲಿಯು ಅವರು 2014ರಲ್ಲಿ ಇಂಗ್ಲಿಷಿಗೆ ತಂದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಭೌತವಿಜ್ಞಾನಿಯಾದ ತಂದೆಯ ಕೊಲೆಯನ್ನು ಕಣ್ಣಾರೆ ಕಂಡ ಮಗಳು, ಮನುಷ್ಯಕುಲದಲ್ಲಿಯೇ ವಿಶ್ವಾಸವನ್ನು ಕಳೆದುಕೊಂಡು, ಅನ್ಯಲೋಕದವರಿಗೆ ಉತ್ತರ ಕಳುಹಿಸುತ್ತಾಳೆ. ಗಣಿತದ ಬಿಗುವಿನಲ್ಲಿ ಕರುಣರಸವು ಇಂಗಿಹೋಗಿಲ್ಲ.

ಟೆಡ್ ಚಿಯಾಂಗ್ ಅವರು 2019ರಲ್ಲಿ ಎಕ್ಸಲೇಷನ್ ಎಂಬ ಕಥಾಸಂಗ್ರಹವನ್ನು ಪ್ರಕಟಿಸಿದರು. ಅದರ ಮೊದಲನೆಯ ಕಥೆಯು ಬಾಗ್ದಾದಿನ ವರ್ತಕನೊಬ್ಬನದು. ಕಾಲದ ಬಾಗಿಲನ್ನು ದಾಟಿದವರ ವೃತ್ತಾಂತಗಳು ಕಥೆಯೊಳಗೆ ಕಥೆಯಾಗಿ ಹೆಣೆದುಕೊಂಡಿವೆ. ಬೃಹತ್ಕಥೆಯ ಸಂಪ್ರದಾಯವನ್ನು ಬಲ್ಲವರಿಗೆ ಈ ಶೈಲಿಯು ಪರಕೀಯವೆನಿಸದು. ಕಾಜುವೊ ಇಷಿಗುರೊ ಅವರ ಕ್ಲಾರಾ ಮತ್ತು ಸೂರ್ಯವು 2021ರದು. ಬಿಸಿಲಿನಿಂದ ಶಕ್ತಿಯನ್ನು ಪಡೆಯುವ ಯಂತ್ರಸಖಿಯೊಬ್ಬಳು, ರೋಗಿಯಾದ ಬಾಲಿಕೆಗಾಗಿ ಸೂರ್ಯನನ್ನೇ ದೇವರೆಂದು ಪ್ರಾರ್ಥಿಸುತ್ತಾಳೆ. ಭಕ್ತಿಗೆ ಅಂತಃಕರಣವೇ ಬೇಕೋ, ನಿಷ್ಠೆಯೊಂದೇ ಸಾಕೋ ಎಂಬ ವಿಚಾರವು ಓದಿದ ಮೇಲೂ ಬಹುದಿನ ಮನಸ್ಸನ್ನು ಬಿಡುವುದಿಲ್ಲ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರು 2020ರಲ್ಲಿ ಬರೆದ ಭವಿಷ್ಯದ ಸಚಿವಾಲಯವು ಉತ್ತರಪ್ರದೇಶದಲ್ಲಿ ಎರಡು ಕೋಟಿ ಜನರನ್ನು ನುಂಗುವ ಬಿಸಿಗಾಳಿಯಿಂದ ಆರಂಭವಾಗುತ್ತದೆ. ಮಧ್ಯಭಾಗವು ಅರ್ಥಶಾಸ್ತ್ರದ ಚರ್ಚೆಯಿಂದ ತುಸು ಭಾರವಾಗಿದೆ. ಆದರೂ ಮೊದಲ ಅಧ್ಯಾಯವೊಂದನ್ನಾದರೂ ಪ್ರತಿಯೊಬ್ಬರೂ ಓದಬೇಕು. ಬೆಂಗಳೂರಿನ ಲಾವಣ್ಯಾ ಲಕ್ಷ್ಮೀನಾರಾಯಣ ಅವರ ಗ್ರಂಥವು 2020ರಲ್ಲಿ ಭಾರತದಲ್ಲಿಯೂ, 2023ರಲ್ಲಿ ದಿ ಟೆನ್ ಪರ್ಸೆಂಟ್ ಥೀಫ್ ಎಂಬ ಹೊಸ ಹೆಸರಿನಿಂದ ಹೊರದೇಶದಲ್ಲಿಯೂ ಪ್ರಕಟವಾಯಿತು. ಒಮ್ಮೆ ಬೆಂಗಳೂರಾಗಿದ್ದ ನಗರದಲ್ಲಿ ಜನರನ್ನು ಅವರ ದುಡಿಮೆಯ ಅಂಕಗಳಿಂದ ಅಳೆದು, ಕೆಳಗಿನ ಹತ್ತರಲ್ಲೊಂದು ಪಾಲನ್ನು ಊರ ಹೊರಗೆ ತಳ್ಳುವ ವ್ಯವಸ್ಥೆಯು ಅದರ ವಸ್ತು. ಪರೀಕ್ಷೆಯ ಅಂಕಗಳಿಂದಲೇ ಮಕ್ಕಳ ಯೋಗ್ಯತೆಯನ್ನು ನಿರ್ಣಯಿಸುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ಓದತಕ್ಕದ್ದು.

ಈ ಐದು ಗ್ರಂಥಗಳೂ ಎಲ್ಲರಿಗೂ ಸಮನಾಗಿ ರುಚಿಸಲಾರವು; ರುಚಿಸಬೇಕೆಂಬ ನಿರ್ಬಂಧವೂ ಇಲ್ಲ. ಓದಿದವರು ಮೆಚ್ಚಿದುದನ್ನು ಮೆಚ್ಚಿದೆವೆಂದೂ, ಮೆಚ್ಚದುದನ್ನು ಕಾರಣಸಹಿತವಾಗಿ ಮೆಚ್ಚಲಿಲ್ಲವೆಂದೂ ನೆರೆಯವರಿಗೆ ತಿಳಿಸಿದರೆ ಸಾಕು. ಊರಿನ ವಾಚನಾಲಯದಲ್ಲಿ ಒಂದು ಪ್ರತಿಯಿದ್ದು, ಅದು ಹತ್ತು ಮನೆಗಳನ್ನು ಸುತ್ತಿ ಅಂಚು ಸವೆದು ಮರಳಿ ಬರುವುದಾದರೆ, ಆ ಗ್ರಂಥಕ್ಕೆ ಅದಕ್ಕಿಂತ ಮಿಗಿಲಾದ ಬಹುಮಾನವಿಲ್ಲ.