ಕಾಲಂ

ಲ್ಯಾಟಿನ್ನಿನ ‘ಕೊಲುಮ್ನಾ’ ಎಂದರೆ ಕಂಬ. ಪುಟದಲ್ಲಿ ಉದ್ದಕ್ಕೆ ನಿಂತ ಬರಹದ ಸಾಲಿಗೂ ಅದೇ ಹೆಸರಾಗಿ, ಇಂಗ್ಲಿಷಿನ ಮೂಲಕ ನಮ್ಮಲ್ಲಿ ‘ಕಾಲಂ’ ಆಯಿತು. ಪತ್ರಿಕೆಯವರು ‘ಅಂಕಣ’ ಎಂದರು. ಮನೆಯಲ್ಲಿ ಎರಡು ಕಂಬಗಳ ನಡುವಿನ ಜಾಗವದು, ಎಷ್ಟು ಚೆಂದದ ಆಯ್ಕೆ! ಪಹಣಿಯಲ್ಲಿ ಮಾತ್ರ ಕಾಲಂ ಉಳಿಯಿತು: ಮಾಲೀಕರ ಹೆಸರಿಗೆ 9ನೆಯದು, ಋಣಗಳಿಗೆ 11ನೆಯದು.

ಪಹಣಿಯ ಕಾಲಂ ಅನ್ನು ಸಂಖ್ಯೆಯಿಂದ ಗುರುತಿಸಿದರೆ, ದತ್ತಾಂಶ ಸಂಗ್ರಹಗಳ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಕೋಷ್ಟಕದ ಕಾಲಂ ಅನ್ನು ಹೆಸರಿನಿಂದ ಕರೆಯುತ್ತೇವೆ. ಆ ಹೆಸರುಗಳೂ ಇನ್ನೊಂದು ಕೋಷ್ಟಕದ ರೂಪದಲ್ಲೇ ಸಿಗುತ್ತವೆ: ಎಸ್‌ಕ್ಯೂಎಲ್-92 ಮಾನಕದ ‘ಇನ್ಫರ್ಮೇಷನ್ ಸ್ಕೀಮಾ’ದೊಳಗಿನ ‘ಕಾಲಮ್ಸ್’. ದತ್ತಾಂಶ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ‘ಸ್ಟ್ರಿಂಗ್ ಆ್ಯಗ್’ ಎಂಬ ಫಂಕ್ಷನ್ ಅವನ್ನು ಅಲ್ಪವಿರಾಮವಿಟ್ಟು ಪೋಣಿಸಿಕೊಡುತ್ತದೆ. ಕೋಷ್ಟಕಕ್ಕೆ ಹೊಸ ಕಾಲಂ ಸೇರಿದರೂ ಪಟ್ಟಿಯನ್ನು ಕೈಯಾರೆ ತಿದ್ದಬೇಕಿಲ್ಲ. ಆದರೆ ‘ಆರ್ಡಿನಲ್ ಪೊಸಿಷನ್’, ಅಂದರೆ ಕಾಲಂನ ಕ್ರಮಸಂಖ್ಯೆಯ ಪ್ರಕಾರ ಜೋಡಿಸೆಂದು ಹೇಳಲೇಬೇಕು; ಹೇಳದಿದ್ದರೆ ಹೆಸರುಗಳು ಕೋಷ್ಟಕದಲ್ಲಿರುವ ಸರದಿಯಲ್ಲೇ ಬರುತ್ತವೆಂಬ ಖಾತರಿಯಿಲ್ಲ.