ಕ್ಲಚ್ ಪ್ಲೇಟ್ ತಪ್ಪಲ್ಲ: ಒಂದು ಹೆರಾಲ್ಡ್ ಕಾರು ಮತ್ತು ಹರಿಹರದ ಲೇತು

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆ ಇಲ್ಲ. ಎರಡು ವರ್ಷದಲ್ಲಿ ಮೂರು ಸಲ ಕ್ಲಚ್ ಕೆಟ್ಟ ಒಂದು ಹಳೇ ಕಾರಿನ ಕಥೆ ಇದೆ. ಅದನ್ನ ಹಿಡ್ಕೊಂಡು ಹೋದ್ರೆ ನಮ್ಮೂರಿನ ಚರಿತ್ರೆಗೇ ಹೋಗಿ ಮುಟ್ತೀವಿ.

ಕಾರು ನಮ್ಮ ದೊಡ್ಡಪ್ಪಂದು. ಅರವತ್ತರ ದಶಕದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅದು ಹೋದ್ರೆ ಈಗ್ಲೂ ಜನ ಫೋನ್ ತೆಗೀತಾರೆ. 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಅನ್ನೋ ಹೆಸರಲ್ಲಿ ಬಂದ ಕಾರಿದು. ವಿನ್ಯಾಸ ಇಟಲಿಯ ಜೊವಾನಿ ಮಿಕೆಲೊಟ್ಟಿ ಅವರದು. 1962ರಲ್ಲಿ ಇದೇ ಹೆರಾಲ್ಡ್‌ನ ಚಾಸಿಯನ್ನ ಗಿಡ್ಡ ಮಾಡಿ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಮಾಡಿದರು. ಅಂದ್ರೆ ನಮ್ಮ ಹೆರಾಲ್ಡ್ ಆ ಸ್ಪೋರ್ಟ್ಸ್ ಕಾರಿನ ಅಣ್ಣ. ಎಂಜಿನ್ ಒಂದೇ ವಂಶದ್ದು. ರೋಗವೂ ಒಂದೇ ವಂಶದ್ದು, ಅದು ನಮಗೆ ಆಮೇಲೆ ಗೊತ್ತಾಯ್ತು.

ಇಂಗ್ಲೆಂಡಿನ ಕಾರು ಇಲ್ಲಿಗೆ ಹೇಗೆ ಬಂತು? ಸ್ವಾತಂತ್ರ್ಯದ ನಂತರ ಸರ್ಕಾರ ಒಂದು ಷರತ್ತು ಹಾಕ್ತು: ಬರೀ ಬಿಡಿಭಾಗ ತಂದು ಜೋಡಿಸಿ ಮಾರೋದಾದ್ರೆ ಬೇಡ, ಇಲ್ಲೇ ತಯಾರಿಸಿ. ಫೋರ್ಡ್, ಜನರಲ್ ಮೋಟಾರ್ಸ್ ಐವತ್ತರ ದಶಕದಲ್ಲಿ ಗಂಟುಮೂಟೆ ಕಟ್ಟಿದವು. ಉಳಿದವು ಮುಖ್ಯವಾಗಿ ಮೂರು: ಕಲ್ಕತ್ತಾ ಕಡೆಯ ಹಿಂದೂಸ್ತಾನ್, ಬೊಂಬಾಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಮದ್ರಾಸಿನವರು 1961ರಿಂದ ಹೆರಾಲ್ಡ್ ತಯಾರಿಸಿದರು. ಆ ಕಾಲದಲ್ಲಿ ಕಾರು ಸಿಗೋದೇ ಕಷ್ಟ, ಸ್ಪೇರ್ ಸಿಗೋದು ಇನ್ನೂ ಕಷ್ಟ. ಹಾಗಾಗಿ ಊರೂರಲ್ಲಿ ಲೇತ್ ಇಟ್ಕೊಂಡವರೇ ಕಾರಿನ ನಿಜವಾದ ಡಾಕ್ಟರ್ ಆದರು. ಈ ಮಾತು ನೆನಪಿಟ್ಕೊಳ್ಳಿ.

ಈಗ ರೋಗದ ಲಕ್ಷಣ. ಫಸ್ಟ್ ಗೇರ್ ಹಾಕಕ್ಕೆ ಹೋದ್ರೆ ಕರಕರ ಸದ್ದು. ರಿವರ್ಸ್ ಅಂತೂ ಹಲ್ಲು ಕಡಿದ ಹಾಗೆ. ಒಂದು ಗ್ಯಾರೇಜಿಗೆ ಕೊಟ್ವಿ, ಹೆಸರು ಬೇಡ. ‘ಪ್ಲೇಟ್ ಹೋಗಿದೆ ಸಾರ್’ ಅಂದರು, ಬದಲಿಸಿದರು. ಎರಡು ತಿಂಗಳು ಚೆನ್ನಾಗಿತ್ತು, ಮತ್ತೆ ಅದೇ ಸದ್ದು. ಇನ್ನೊಂದು ಗ್ಯಾರೇಜ್, ಇನ್ನೊಂದು ಪ್ಲೇಟ್. ಮೂರನೇ ಸಲ ಪ್ಲೇಟಿನ ಜೊತೆಗೆ ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲಾ ಬಂತು. ನಾನು ಬಿ.ಕಾಂ. ಓದಿದವನು, ಮನೆ ಲೆಕ್ಕ ಬರೆಯೋದು ನಾನೇ. ಪುಸ್ತಕದಲ್ಲಿ ‘ರಿಪೇರಿ ಖರ್ಚು’ ಅಂತ ಮೂರು ಸಲ ಬರೆದೆ. ಒಂದೇ ಖರ್ಚು ಮೂರು ಸಲ ಬಂದ್ರೆ ಅದನ್ನ ರಿಪೇರಿ ಅನ್ನಕ್ಕಾಗಲ್ಲ, ಬಾಡಿಗೆ ಅನ್ನಬೇಕು. ದೊಡ್ಡಪ್ಪ ಬೇಸತ್ತು, ‘ಗುಜರಿಗೆ ಹಾಕೋಣ ಬಿಡೋ’ ಅಂದುಬಿಟ್ಟರು.

ಕ್ಲಚ್ ಕೆಲಸ ಸರಳ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರೋ ಸಂಬಂಧವನ್ನ ಒಂದು ಕ್ಷಣ ಬಿಡಿಸೋದು. ಹೆರಾಲ್ಡ್‌ನಲ್ಲಿ ಪೆಡಲ್ ತುಳಿದ್ರೆ ಮಾಸ್ಟರ್ ಸಿಲಿಂಡರ್ ಎಣ್ಣೆ ತಳ್ಳುತ್ತೆ, ಎಣ್ಣೆ ಸ್ಲೇವ್ ಸಿಲಿಂಡರನ್ನ ತಳ್ಳುತ್ತೆ, ಅದು ಫೋರ್ಕನ್ನ, ಫೋರ್ಕ್ ಬೇರಿಂಗನ್ನ, ಬೇರಿಂಗ್ ಸ್ಪ್ರಿಂಗನ್ನ. ನಮ್ಮ ಭದ್ರಾ ನಾಲೆ ಇದೆಯಲ್ಲ, ಹಾಗೇ. ಡ್ಯಾಮಲ್ಲಿ ಎಷ್ಟು ನೀರು ಬಿಟ್ಟರು ಅನ್ನೋದು ಒಂದು ಲೆಕ್ಕ, ಕೊನೆ ಭಾಗದ ರೈತನ ಗದ್ದೆಗೆ ಎಷ್ಟು ಬಂತು ಅನ್ನೋದು ಇನ್ನೊಂದು ಲೆಕ್ಕ. ದಾರಿಯಲ್ಲಿ ಎಲ್ಲಿ ಸೋರಿದ್ರೂ ಪೆಟ್ಟು ಬೀಳೋದು ಕೊನೆಯವನಿಗೆ. ಇಲ್ಲಿ ಆ ಕೊನೆಯವನು ಕ್ಲಚ್ ಪ್ಲೇಟ್. ಮೂರೂ ಸಲ ನಾವು ಬದಲಿಸಿದ್ದು ಅವನನ್ನೇ.

ಗುಜರಿಗೆ ಹಾಕೋ ಮೊದಲು ಯಾರೋ ಹೇಳಿದರು: ಹರಿಹರದಲ್ಲಿ ಒಬ್ಬ ಅಜ್ಜ ಇದ್ದಾರೆ, ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್ ಆಗಿದ್ದವರು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಅಷ್ಟೆ. ಕರಕರ ಅನ್ನಿಸ್ಕೊಂಡೇ ಹೋದ್ವಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ಅವರ ಮನೆತನವೇ 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುಮಾಡ್ತು. ಆಗ ಹರಿಹರ ಮೈಸೂರು ಸಂಸ್ಥಾನದ ಗಡಿ. ಹೊಳೆ ದಾಟಿದ್ರೆ ಬೊಂಬಾಯಿ ಪ್ರಾಂತ್ಯ. ಎರಡನೇ ಮಹಾಯುದ್ಧದ ಕಾಲ, ವಿದೇಶದಿಂದ ಯಂತ್ರ ಬರೋದು ಕಷ್ಟವಾಗಿತ್ತು. ಹರಿಹರದಲ್ಲಿ ತಯಾರಾಗಿದ್ದು ಲೇತ್, ಅಂದ್ರೆ ಬೇರೆ ಯಂತ್ರಗಳ ಭಾಗ ಮಾಡೋ ಯಂತ್ರ. ಬೆಂಗಳೂರಿನ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ಲೆಕ್ಕ ಹಾಕಿ, ಹರಿಹರ ಹನ್ನೆರಡು ವರ್ಷ ದೊಡ್ಡದು. ಪಕ್ಕದ ದಾವಣಗೆರೆ ಹತ್ತಿ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ್ರೆ, ಹರಿಹರದ ಲೇತುಗಳು ದೇಶದ ವರ್ಕ್‌ಶಾಪು, ಐಟಿಐಗಳಿಗೆ ಹೋದವು. 2000ದ ಆಸುಪಾಸಿನಲ್ಲಿ ಕಾರ್ಖಾನೆ ನಿಂತುಹೋಯ್ತು. ಸೈರನ್ ಕೇಳಿ ಗಡಿಯಾರ ನೋಡೋ ಅಭ್ಯಾಸ ಇದ್ದ ಮನೆಗಳಲ್ಲಿ ಅದು ಎಂಥ ನಿಶ್ಶಬ್ದ ಅಂತ ಯೋಚ್ನೆ ಮಾಡಿ.

ಅಜ್ಜನ ಶೆಡ್ಡಿನಲ್ಲಿ ಅದೇ ಹೆಸರಿನ ಒಂದು ಲೇತ್ ಇತ್ತು. ಅವರು ಬಿಲ್ಲು ಕೇಳಲಿಲ್ಲ, ಪ್ಲೇಟು ಕೇಳಲಿಲ್ಲ. ಹೆರಾಲ್ಡ್‌ನ ಮೂತಿ ಪೂರ್ತಿ ಮುಂದಕ್ಕೆ ಬಾಗಿ ತೆರ್ಕೊಳ್ಳುತ್ತೆ, ಅದನ್ನ ಎತ್ತಿ ಎಂಜಿನ್ ಮುಂದೆ ಕೂತರು.

‘ತಮ್ಮಾ, ಎಂಜಿನ್ ಬಂದ್ ಐತಲ್ಲ? ಒಳಗ ಕೂತು ಕ್ಲಚ್ ತುಳಿ. ಬಿಡು. ಮತ್ತ ತುಳಿ.’

ಆಮೇಲೆ ನನ್ನ ಕರೆದು, ಮುಂದಿನ ಬೆಲ್ಟ್ ಪುಲ್ಲಿ ಮೇಲೆ ಬೆರಳಿಟ್ಟರು. ದೊಡ್ಡಪ್ಪ ಒಳಗೆ ಕ್ಲಚ್ ತುಳಿದ ಹಾಗೆಲ್ಲ ಪುಲ್ಲಿ ನಮ್ಮ ಕಡೆ ಬರ್ತಿತ್ತು, ಬಿಟ್ಟರೆ ಹಿಂದಕ್ಕೆ ಹೋಗ್ತಿತ್ತು. ಕಣ್ಣಿಗೆ ಕಾಣೋ ಅಷ್ಟು!

‘ಪ್ಲೇಟ್ ತಪ್ಪಲ್ಲಪ್ಪ ಇದು. ಕ್ರ್ಯಾಂಕೇ ಓಡಾಡಕ್ಕತ್ತೈತೆ.’

ವಿಷಯ ಏನಂದ್ರೆ, ಈ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯೋದು ಅರ್ಧಚಂದ್ರದ ಆಕಾರದ ಎರಡು ಸಣ್ಣ ಥ್ರಸ್ಟ್ ವಾಷರ್. ಇರಬೇಕಾದ ಸಡಿಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮಾತ್ರ. ಕ್ಲಚ್ ತುಳಿದಾಗೆಲ್ಲ ಅದರ ಭಾರ ಬೀಳೋದು ಹಿಂದಿನ ವಾಷರ್ ಮೇಲೆ. ಅದು ಸವೆದ್ರೆ ನಾವು ತುಳಿದ ತುಳಿತದಲ್ಲಿ ಒಂದು ಪಾಲು ಕ್ಲಚ್ ಬಿಡಿಸೋ ಬದಲು ಕ್ರ್ಯಾಂಕನ್ನ ಮುಂದಕ್ಕೆ ತಳ್ಳೋದ್ರಲ್ಲೇ ಮುಗಿಯುತ್ತೆ. ಪ್ಲೇಟ್ ಪೂರ್ತಿ ಬಿಡಲ್ಲ, ಉಜ್ಜುತ್ತೆ, ಗೇರ್ ಕರಕರ ಅನ್ನುತ್ತೆ. ಮತ್ತೆ ಪ್ರತಿ ಸಲ ಎರಡು ತಿಂಗಳು ಸರಿಹೋಗಿದ್ದು ಹೇಗೆ? ಪ್ಲೇಟ್ ಹಾಕೋವಾಗ ಎಣ್ಣೆ ಬದಲಿಸಿ, ಪೈಪಿನ ಗಾಳಿ ತೆಗೀತಿದ್ರು. ಪೆಡಲ್ಲಿಗೆ ಒಂದಿಷ್ಟು ಬಲ ವಾಪಸ್ ಬರ್ತಿತ್ತು. ಹೆಸರು ಮಾತ್ರ ಹೊಸ ಪ್ಲೇಟಿಗೆ!

ಸ್ಪಿಟ್‌ಫೈರ್ ಇಟ್ಕೊಂಡವರಿಗೆ ಇದು ಹಳೇ ತಲೆನೋವು. ಇನ್ನೂ ಸವೆದಿದ್ರೆ ವಾಷರ್ ಕಳಚಿ ಕೆಳಗಿನ ಸಂಪಿಗೆ ಬೀಳುತ್ತೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ ಬ್ಲಾಕೇ ಹಾಳು. ನಾವು ನಾಲ್ಕನೇ ಪ್ಲೇಟ್ ಹಾಕಿಸಿದ್ರೆ ಬಹುಶಃ ಅಲ್ಲಿಗೇ ಮುಟ್ತಿದ್ವಿ.

ಅಜ್ಜ ಡಯಲ್ ಗೇಜ್ ಇಟ್ಟು ಅಳತೆ ತಗೊಂಡರು. ನಂತರ ಒಂದೇ ಪ್ರಶ್ನೆ: ‘ರೈಲ್ವೆ ಗೇಟಲ್ಲಿ ನಿಂತಾಗ ಏನ್ ಮಾಡ್ತೀರಿ?’ ದೊಡ್ಡಪ್ಪ ಮೆಲ್ಲಗೆ ಅಂದರು: ‘ಫಸ್ಟ್ ಗೇರ್ ಹಾಕಿ, ಕ್ಲಚ್ ತುಳ್ಕೊಂಡು ಕೂತಿರ್ತೀನಿ.’ ಅಜ್ಜ ನಕ್ಕರು. ‘ನ್ಯೂಟ್ರಲ್ ಮಾಡ್ರಿ. ರೈಲು ನಿಮ್ಮ ಕ್ಲಚ್ ನೋಡಿ ಬರಂಗಿಲ್ಲ.’

ಸ್ವಲ್ಪ ದಪ್ಪದ ಓವರ್‌ಸೈಜ್ ವಾಷರ್ ತರಿಸಿದ್ವಿ. ಎಂಜಿನ್ ಇಳಿಸದೆ, ಕೆಳಗಿಂದ ಸಂಪ್ ಬಿಚ್ಚಿ, ಹಿಂದಿನ ಬೇರಿಂಗ್ ಕ್ಯಾಪ್ ತೆಗೆದು ಕೂರಿಸಿದರು. ಪೆಡಲ್ ಬುಡದ ಪಿನ್ ಕೂಡ ಸವೆದಿತ್ತು. ಹೊಸದನ್ನ ಅದೇ ಲೇತಿನಲ್ಲಿ ತಿರುವಿದರು. ಆಮೇಲೆ ಮತ್ತೆ ಗೇಜ್ ಇಟ್ಟು ಅಳೆದರು. ಪ್ಲೇಟ್ ಮುಟ್ಟಲೇ ಇಲ್ಲ. ಈಗ ಒಂದೂವರೆ ವರ್ಷ ಆಯ್ತು, ಲೆಕ್ಕದ ಪುಸ್ತಕದಲ್ಲಿ ನಾಲ್ಕನೇ ಸಾಲು ಬಂದಿಲ್ಲ.

ಕಾರ್ಖಾನೆ ಮುಚ್ಚಿದಾಗ ನಾವು ಎಷ್ಟು ಕೆಲಸ ಹೋಯ್ತು, ಎಷ್ಟು ಬಾಕಿ ಉಳೀತು ಅಂತ ಲೆಕ್ಕ ಹಾಕ್ತೀವಿ. ಹಾಕಲೇಬೇಕು. ಆದ್ರೆ ಕೆಟ್ಟಿದ್ದನ್ನ ಬದಲಿಸೋ ಮೊದಲು ಯಾಕೆ ಕೆಟ್ಟಿತು ಅಂತ ಅಳೆದು ನೋಡೋ ಶಿಸ್ತು ಇದೆಯಲ್ಲ, ಅದು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರಲ್ಲ. ಹರಿಹರದಲ್ಲಿ ಅದು ಇನ್ನೂ ಕೆಲವರ ಬೆರಳಲ್ಲಿದೆ. ಅವರಿಗೆಲ್ಲ ಈಗ ವಯಸ್ಸಾಗಿದೆ. ‘ಯಾರಾದ್ರೂ ಕಲಿಯಕ್ಕೆ ಬರ್ತಾರಾ ಅಜ್ಜ?’ ಅಂತ ಕೇಳಿದೆ. ‘ನೀನು ಬಾ’ ಅಂದರು. ಭಾನುವಾರ ಹೋಗ್ತಿದ್ದೀನಿ. ಡಯಲ್ ಗೇಜ್ ಓದೋದು ಕಲ್ತಿದ್ದೀನಿ, ಲೇತ್ ಇನ್ನೂ ಮುಟ್ಟಕ್ಕೆ ಬಿಟ್ಟಿಲ್ಲ.

ನಿಮ್ಮೂರಲ್ಲೂ ಇಂಥ ಒಂದು ಶೆಡ್ ಇರುತ್ತೆ. ಒಮ್ಮೆ ಹೋಗಿ ಮಾತಾಡಿಸಿ. ಮುಂದಿನ ಸಂಚಿಕೆಯಲ್ಲಿ ಸಿಗಣ. ಅಲ್ಲೀವರೆಗೂ, ಗೇಟ್ ಬಿದ್ದಾಗ ನ್ಯೂಟ್ರಲ್!